ಅಕ್ಕ ಬದಲಿಸಿದ ಚೀಟಿ

ಅಕ್ಕ ತೀರಿಕೊಂಡು ಮೂರು ತಿಂಗಳಾದ ಮೇಲೆ ಸಂಶೋಧಕರೊಬ್ಬರು ಶಹಾಪುರದಿಂದ ಬಂದರು. ಸುರಪುರ ಸೀಮೆಯ ನಮ್ಮೂರಲ್ಲಿ ಅಕ್ಕ ಅಂಗನವಾಡಿ ನಡೆಸುತ್ತಿದ್ದಳು. ಆ ಸಂಶೋಧಕರ ಅಧ್ಯಯನಕ್ಕಾಗಿ ಒಂದು ವರ್ಷ ಅರ್ಧ ಮಕ್ಕಳಿಗೆ ದಿನಾ ಶೇಂಗಾ ಉಂಡಿ ಕೊಟ್ಟು, ತಿಂಗಳಿಗೊಮ್ಮೆ ಎಲ್ಲರನ್ನೂ ತೂಗಿದ್ದಳು. ಉಂಡಿ ಯಾರಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರು. ಅಕ್ಕ ಹೇಳಿದಂತೆ ರಿಜಿಸ್ಟರಿನಲ್ಲಿ ಹೆಸರು, ತೂಕ ಬರೆದವಳು ನಾನು.

"ಫರಕ್ ಇಲ್ರಿ," ಅಂದರು. ಕೊನೆಯ ತಿಂಗಳ ಸರಾಸರಿ ತೂಕ ಹೋಲಿಸುವ ಪರೀಕ್ಷೆ ಮಾಡಿದ್ದರು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ.

ನನಗೆ ಸಿಟ್ಟು ಬಂತು. "ಕೊನಿ ತಿಂಗಳಷ್ಟೇ ನೋಡಿದರ ಹ್ಯಾಂಗ್ರಿ? ಉಳಿದ ತಿಂಗಳೆಲ್ಲ ನಮ್ಮಕ್ಕ ಬದನಿಕಾಯಿ ತೂಗ್ಯಾಳೇನು?"

"ಹಂಗಲ್ರಿ. ತಿಂಗಳಾ ತಿಂಗಳಾ ಯಾವ ಗುಂಪು ಎಷ್ಟು ಏರ್ತು ಅಂತ ನೋಡೋ ಪರೀಕ್ಷಿನೂ ಅದ. ಅದರಾಗ ಉಂಡಿ ತಿಂದವರು ಜೋರು ಏರ್ಯಾರ."

"ಮತ್ತ ಅದನ್ನೇ ಹಾಕ್ರಿ! ನಮ್ಮಕ್ಕನ ವರ್ಷದ ದುಡಿತ ನೀರಾಗ ಹಾಕಬ್ಯಾಡ್ರಿ."

ಅವರು ಚೀಲದಿಂದ ಒಂದು ಹಾಳೆ ತೆಗೆದರು. ಚೀಟಿ ಎತ್ತಿದ ದಿನದ ಪಟ್ಟಿ. ಅದನ್ನು ನನ್ನ ರಿಜಿಸ್ಟರಿನ ಪಕ್ಕ ಇಟ್ಟರು. ಆರು ಮಕ್ಕಳು ಪಟ್ಟಿಯಲ್ಲಿ ಉಂಡಿ ಇಲ್ಲದವರು, ರಿಜಿಸ್ಟರಿನಲ್ಲಿ ಉಂಡಿಯವರು. ಊರಿನ ಅತ್ಯಂತ ಬಡಕಲು ಕೂಸುಗಳು. ಅವರನ್ನು ಅಕ್ಕ ಉಂಡಿಯ ಗುಂಪಿಗೆ ಸೇರಿಸಿದ್ದಳು.

"ಬಡಕಲು ಕೂಸು ಉಂಡಿ ತಿನ್ನದಿದ್ದರೂ ಬೇಗ ಏರಬಹುದ್ರಿ. ಇದು ಉಂಡಿಯಿಂದನೇ ಅಂತ ಈಗ ಯಾವ ಪರೀಕ್ಷೆ ಹಾಕಿ ಹೇಳ್ಲಿ? ಹಿಂಗ ಬದಲಿಸಿದ್ದು ನಿಮಗ ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ. ನಾನು ನೋಡುತ್ತಿದ್ದದ್ದು ಆ ಕೂಸುಗಳ ಬದಲಿಗೆ ಉಂಡಿಯ ಗುಂಪಿನಿಂದ ಹೊರಗೆ ಹೋದ ಆರು ಹೆಸರುಗಳನ್ನು. ಎರಡನೆಯದು ನನ್ನ ಮಗಳದು.

ಚೀಟಿ ಎತ್ತಿದ ಸಂಜೆ ಅಕ್ಕ, "ನಿನ್ನ ಮಗಳ ನಸೀಬದಾಗ ಉಂಡಿ ಇಲ್ಲವ್ವ," ಅಂದಿದ್ದಳು. ನಾನು ನಂಬಿದ್ದೆ. ಮಗಳು ವರ್ಷವಿಡೀ ಬೇರೆ ಮಕ್ಕಳ ಕೈ ನೋಡಿದಳು. "ದೊಡ್ಡವ್ವ ನನಗ್ಯಾಕ ಕೊಡಂಗಿಲ್ಲ?" ಅಂತ ಅತ್ತಾಗ, "ಚೀಟಿ ಬರಲಿಲ್ಲ ಕಂದಾ" ಅಂತ ನಾನೇ ರಮಿಸಿದ್ದೆ. ಪಕ್ಕದಲ್ಲೇ ಅಕ್ಕ ತಕ್ಕಡಿ ಒರೆಸುತ್ತಿದ್ದಳು.

"ಏನಂತ ಬರೀಲ್ರಿ?" ಅಂದರು ಸಂಶೋಧಕರು.

"ಆದದ್ದು ಬರೀರಿ. ಅಕ್ಕ ಬದಲಿಸ್ಯಾಳ ಅಂತನೇ ಬರೀರಿ."

ಅವರು ಹೋದ ಮೇಲೆ ಮಗಳ ಸಾಲು ತೆಗೆದು ನೋಡಿದೆ. ಉಂಡಿ ಇಲ್ಲದೆಯೂ ತಿಂಗಳು ತಿಂಗಳು ಏರಿದ್ದಳು. ಏರುತ್ತಾಳೆಂದು ಅಕ್ಕನಿಗೆ ಗೊತ್ತಿತ್ತು. ನನ್ನನ್ನು ಕೇಳಿದ್ದರೆ ಆ ಕೂಸುಗಳಿಗೇ ಕೊಡು ಅನ್ನುತ್ತಿದ್ದೆ. ಅನ್ನುತ್ತೇನೆಂದು ಅಕ್ಕ ನಂಬಲಿಲ್ಲ.