ಬಾವಿಯ ಹಾಡಿನ ಮೂರನೇ ಚರಣ

ಎಡಗಣ್ಣಿನ ಪೊರೆ ತೆಗೆದ ಮೇಲೆ ಡಾಕ್ಟರು ಟಿವಿ ಬೇಡ, ಓದು ಬೇಡ, ಒಲೆಯ ಮುಂದೆ ನಿಲ್ಲಬೇಡಿ, ತಲೆ ಬಗ್ಗಿಸಬೇಡಿ ಎಂದರು. ಬೇಡಗಳೆಲ್ಲ ಮುಗಿದ ಮೇಲೆ ನನಗೆ ಉಳಿದದ್ದು ಕಿವಿ ಒಂದೇ. ಹಾಗಾಗಿ ಹಾಡು ಕೇಳಿದೆ. ಇಲ್ಲದಿದ್ದರೆ ಆ ಹಾಡುಗಾರರ ಪರಿಚಯವೇ ನನಗೆ ಆಗುತ್ತಿರಲಿಲ್ಲ.

ಇದನ್ನು ಬರೆಯುತ್ತಿರುವುದು ನನ್ನ ಇಬ್ಬರು ಮೊಮ್ಮಕ್ಕಳಾದ ನಿಮಗೆ. ಆದರೂ ನಿಮ್ಮನ್ನು ದೊಡ್ಡವಳು, ಚಿಕ್ಕವನು ಎಂದೇ ಬರೆಯುತ್ತೇನೆ. ಹೆಸರು ಹಾಕಿದರೆ ನಾಳೆ ಬೇರೆಯವರು ಓದಿದಾಗ ನೀವೇ ನಾಚಿಕೊಳ್ಳುತ್ತೀರಿ. ನಾಚಿಕೆ ಈ ಮನೆಗೆ ನನ್ನಿಂದಲೇ ಬಂದದ್ದು.

ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ಹೈಸ್ಕೂಲಿನ ಚಿಕ್ಕವನು ಅಂಗೈಯಷ್ಟಗಲದ ಸ್ಪೀಕರು ತಂದಿಟ್ಟ.

"ಏನು ಹಾಕ್ಲಿ ಅಜ್ಜಿ?"

"ಏನಾದ್ರೂ ಹಾಕು. ಕಿರುಚೋದು ಬೇಡ."

ಅವನು ಏನನ್ನೋ ಒತ್ತಿದ. ಹಾರ್ಮೋನಿಯಂ ಕೇಳಿಸಿತು, ಹಿಂದೆಯೇ ಒಬ್ಬ ಗಂಡಸಿನ ದನಿ. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವವರಂತೆ. ಐವತ್ತು ವರ್ಷದಿಂದ ಹಾಡುತ್ತಿದ್ದಾರಂತೆ, ಬಸವನಗುಡಿಯ ಕಡೆಯವರೇ ಅಂತೆ. ಐವತ್ತು ವರ್ಷ ಒಂದೇ ಊರಿನಲ್ಲಿದ್ದೂ ನನಗೆ ಅವರು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ದೇವರನಾಮ, ರೇಡಿಯೋದ ಸಿನಿಮಾ ಹಾಡು, ಊರಿನ ಸೋಬಾನೆ. ಇಷ್ಟೇ.

ಮೊದಲ ದಿನ ಇಷ್ಟವಾಗಲಿಲ್ಲ. ಎರಡನೇ ದಿನ ಮಾಡಲು ಬೇರೆ ಏನೂ ಇಲ್ಲದೆ ಕೇಳಿದೆ. ಮೂರನೇ ದಿನ ನಾನೇ "ಅವರದ್ದು ಹಾಕು" ಎಂದೆ.

"ಆಲ್ಬಂ ಹಾಕ್ಲಾ, ಲೈವ್ ಹಾಕ್ಲಾ?"

"ಲೈವ್ ಅಂದ್ರೆ?"

"ಜನರ ಮುಂದೆ ಹಾಡಿದ್ದು."

"ಮತ್ತೆ ಇನ್ನೊಂದನ್ನ ಯಾರ ಮುಂದೆ ಹಾಡಿದ್ರು?"

"ಮೈಕ್ ಮುಂದೆ, ಅಜ್ಜಿ."

"ಪಾಪ," ಎಂದೆ. ಅವನು ಬಿದ್ದು ಬಿದ್ದು ನಕ್ಕ.

ಹದಿನೈದು ದಿನದಲ್ಲಿ ಸಿಕ್ಕಿದ್ದನ್ನೆಲ್ಲ ಕೇಳಿದೆ. ಹೊಸಬಳಾದ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ. ಮೊದಲ ಕ್ಯಾಸೆಟ್ಟಿನಲ್ಲಿ ದನಿ ಎಳೆಯದು, ಅವಸರವೂ ಇದೆ. ಬಸ್ಸು ತಪ್ಪೀತು ಎನ್ನುವಂತೆ ಹಾಡುತ್ತಾರೆ. ನಡುವಿನ ಕೆಲವು ಆಲ್ಬಂಗಳು ನನಗೆ ಹಿಡಿಸಲಿಲ್ಲ. ಛತ್ರದ ಮದುವೆಯ ಹಾಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಬಂದು ಕೂತಿವೆ, ಹಾಡಿಗೇ ಜಾಗವಿಲ್ಲ. ಪ್ರೇಮದ ಹಾಡು ಬಂದರೆ ಅಡುಗೆಮನೆಯಲ್ಲಿ ಸೊಸೆಗೆ ಕೇಳಿಸುತ್ತದಲ್ಲ ಎಂದು ದನಿ ತಗ್ಗಿಸುತ್ತಿದ್ದೆ. ಕೊನೆಯ ಎರಡು ಆಲ್ಬಂಗಳಲ್ಲಿ ಹಾರ್ಮೋನಿಯಂ, ಅವರು, ಅಷ್ಟೇ. ದನಿ ತಗ್ಗಿದೆ, ಒರಟಾಗಿದೆ. ಅವೇ ನನಗೆ ಹೆಚ್ಚು ಸರಿಬಂದವು.

ಆದರೆ ಲೈವ್ ಎಂಬುದೇ ಬೇರೆ. ಅದರಲ್ಲಿ ಕೆಮ್ಮುತ್ತಾರೆ, ಬಿಸಿನೀರು ಕೇಳುತ್ತಾರೆ, "ಈ ಪೆಟ್ಟಿಗೆಗೆ ನನಗಿಂತ ಹೆಚ್ಚು ದಮ್ಮು" ಎಂದು ಹಾರ್ಮೋನಿಯಮ್ಮನ್ನು ಬೈಯುತ್ತಾರೆ. ಒಂದರಲ್ಲಿ ಹಾಡಿನ ನಡುವೆ ಕಾಗೆ ಕೂಗುತ್ತದೆ. ಅವರು ಅದು ಮುಗಿಸುವ ತನಕ ಕಾದು ಮುಂದಿನ ಸಾಲು ಹಿಡಿಯುತ್ತಾರೆ. ಆ ಲೈವುಗಳನ್ನು ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ದನಿಯಿಂದಲೇ ಸಾಲಾಗಿ ಜೋಡಿಸಿದೆ. ಚಿಕ್ಕವನು ಫೋನಿನಲ್ಲಿ ನೋಡಿ, "ಅಜ್ಜಿ, ಎಲ್ಲಾ ಸರಿ!" ಎಂದ. ಹಾಲಿನ ವಾಸನೆ ನೋಡಿ ಯಾವತ್ತಿನದು ಎಂದು ಹೇಳುವುದಕ್ಕಿಂತ ಅದೇನೂ ಕಷ್ಟವಲ್ಲ.

ಹಾಗೆ ಜೋಡಿಸುವಾಗ ಬಾವಿಯ ಹಾಡಿನ ಮೂರನೇ ಚರಣ ಕಾಣೆಯಾಗಿರುವುದು ಗೊತ್ತಾಯಿತು.

ಆ ಹಾಡಿಗೆ ನಾಲ್ಕು ಚರಣ. ಒಂದು ಸೇದುವ ಬಾವಿ, ಅದಕ್ಕೆ ನೀರಿಗೆ ಬರುವವರು ನಾಲ್ವರು. ಮೊದಲು ಮದುಮಗಳು, ಆಮೇಲೆ ಮಗು, ಮೂರನೆಯವಳು ಗಂಡನಿಲ್ಲದ ಹೆಂಗಸು, ಕೊನೆಗೆ ದಾರಿಹೋಕ. ಮೊದಲ ಕ್ಯಾಸೆಟ್ಟಿನಲ್ಲಿ ಮೂರನೆಯದು ಹೀಗಿದೆ:

ಬಳೆಯಿಲ್ಲದ ಕೈ ನೀರು ಸೇದುವಾಗ
ಹಗ್ಗದ್ದೊಂದೇ ಸದ್ದು
ಬಂದವಳಾರೆಂದು ಬಾವಿ ಕೇಳಲಿಲ್ಲ
ತುಂಬಿ ಕೊಟ್ಟಿತು ಎದ್ದು

ಹಳೆಯ ಎರಡು ಲೈವುಗಳಲ್ಲೂ ಇದು ಇದೆ. ಆಮೇಲಿನ ಒಂದರಲ್ಲೂ ಇಲ್ಲ. ಮಗುವಿನ ಚರಣ ಮುಗಿದ ಮೇಲೆ ಹಾರ್ಮೋನಿಯಂ ಮಾತ್ರ ಆ ನಾಲ್ಕು ಸಾಲಿನ ರಾಗವನ್ನು ನುಡಿಸುತ್ತದೆ, ಮಾತಿಲ್ಲ. ನಂತರ ದಾರಿಹೋಕ ಬಂದುಬಿಡುತ್ತಾನೆ. ಗೊತ್ತಿಲ್ಲದವರಿಗೆ ಅದು ನಡುವಿನ ವಾದ್ಯದ ಹಾಗೆ ಕೇಳಿಸುತ್ತದೆ. ನನಗೆ ಹಾಗೆ ಕೇಳಿಸಲಿಲ್ಲ. ಇಸ್ತ್ರಿ ಮಾಡಿದ ಖಾಲಿ ರವಿಕೆಯ ಹಾಗೆ ಅದರಲ್ಲಿ ಒಂದು ಆಕಾರವಿತ್ತು.

ನಿಮ್ಮ ತಾತ ಬಳೇಪೇಟೆಯ ಸಗಟು ಬಳೆ ಅಂಗಡಿಯಲ್ಲಿ ಸರಕು ನೋಡಿಕೊಳ್ಳುತ್ತಿದ್ದರು. ಹಬ್ಬ ಬಂದರೆ ನನ್ನ ಕೈ ತುಂಬುತ್ತಿತ್ತು. ಅವರು ಹೋದ ಮೇಲೆ ಆದದ್ದನ್ನು ಹೆಚ್ಚು ಬರೆಯುವುದಿಲ್ಲ. ಈಗ ನನ್ನ ಕೈಯಲ್ಲಿರುವ ಚಿನ್ನದ ಬಳೆ ನಿಮ್ಮಮ್ಮ ಹಟ ಮಾಡಿ ಹಾಕಿಸಿದ್ದು, ಒಂದೊಂದು ಕೈಗೆ ಒಂದೊಂದು. ಒಂಟಿ ಬಳೆಗೆ ಸದ್ದಿಲ್ಲ.

ಮೊದಲ ಕ್ಯಾಸೆಟ್ಟಿನ ಹುಡುಗ ಆ ಚರಣವನ್ನು ಚೆನ್ನಾಗಿಯೇ ಹಾಡಿದ್ದಾನೆ. ಆದರೆ ಅವನಿಗೆ ಅದು ಗೊತ್ತಿಲ್ಲ, ಕಂಡು ಬರೆದಿದ್ದಾನೆ ಅಷ್ಟೇ. ಈಗಿನ ಒರಟು ದನಿಯಲ್ಲಿ ಆ ನಾಲ್ಕು ಸಾಲನ್ನು ಒಂದು ಸಲ ಕೇಳಬೇಕು ಎಂದು ನನಗೆ ಆಸೆಯಾಯಿತು. ಬಹಳ ವರ್ಷದ ಮೇಲೆ ನನಗಾಗಿ ಒಂದನ್ನು ಬೇಕು ಅಂದುಕೊಂಡೆ. ಅವರಿಗೆ ವಯಸ್ಸಾಗಿದೆ, ಆ ಚರಣ ಮರೆತುಬಿಟ್ಟಿದ್ದಾರೆ ಎಂದೇ ತಿಳಿದಿದ್ದೆ.

ಕಣ್ಣು ಸರಿಹೋದ ಮೇಲೆ, ಎನ್.ಆರ್. ಕಾಲೋನಿಯ ಒಂದು ಸಣ್ಣ ಸಭಾಂಗಣದಲ್ಲಿ ಅವರ ಕಾರ್ಯಕ್ರಮ ಇದೆ ಎಂದು ದೊಡ್ಡವಳು ಹೇಳಿದಳು. ಅವಳು ಶೇಷಾದ್ರಿಪುರಂನಲ್ಲಿ ಕಾಲೇಜು ಮುಗಿಸಿಕೊಂಡು ಬಂದು ನನ್ನನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ನಾನು ಹಿಂದಿನ ಸಾಲಿಗೆ ಹೋಗುತ್ತಿದ್ದೆ. ಅವಳು ರಟ್ಟೆ ಹಿಡಿದು ಎರಡನೇ ಸಾಲಿನಲ್ಲಿ ಕೂರಿಸಿದಳು.

ಮುಂದಿನದು ನಿಮಗೆ ಅರ್ಥವಾಗಬೇಕಾದರೆ ನಮ್ಮೂರಿನ ಒಂದು ಪದ್ಧತಿ ಗೊತ್ತಿರಬೇಕು. ಮದುವೆಯಲ್ಲಿ ಸೋಬಾನೆ ಹಾಡುವಾಗ ಒಬ್ಬಳು ಹೇಳುತ್ತಾಳೆ, ಉಳಿದವರು ಸೊಲ್ಲು ಕೊಡುತ್ತಾರೆ, ಅಂದರೆ ಅವಳ ಸಾಲನ್ನು ತಿರುಗಿ ಹಾಡುತ್ತಾರೆ. ನಾನು ಯಾವತ್ತೂ ಮುಂದೆ ಕೂತು ಹೇಳಿದವಳಲ್ಲ. ಆದರೆ ಏಳನೇ ಕ್ಲಾಸು ಓದಿದ್ದೆ. ಊರಿನ ಹೆಂಗಸರು ಹೇಳಿದ ಹಾಡುಗಳನ್ನು ನೋಟ್ ಬುಕ್ಕಿನಲ್ಲಿ ಬರೆದಿಟ್ಟವಳು ನಾನೇ. ಅದಕ್ಕೇ ನನ್ನನ್ನು ಹೇಳುವವಳ ಬೆನ್ನಿಗೆ ಕೂರಿಸುತ್ತಿದ್ದರು. ಅವಳು ಎಲ್ಲಾದರೂ ತಡೆದರೆ, ಬಿರುಕು ಕಾಣುವ ಮೊದಲೇ ಮುಂದಿನ ಸಾಲನ್ನು ಹಿಂದಿನವಳು ಎತ್ತಿಕೊಳ್ಳಬೇಕು. ಹಾಡು ನೆಲಕ್ಕೆ ಬೀಳಬಾರದು. ಹಾಗೆ ಎತ್ತಿಕೊಂಡರೆ ಯಾರೂ ಅದನ್ನು ಮುಂದಾಳುತನ ಎನ್ನುತ್ತಿರಲಿಲ್ಲ, ಎತ್ತಿಕೊಳ್ಳದಿದ್ದರೆ ಬೈಯುತ್ತಿದ್ದರು. ನಿಮ್ಮ ತಾತ ಹೋದ ಮೇಲೆ ನನ್ನನ್ನು ಸೋಬಾನೆಗೆ ಕರೆಯಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲಿಲ್ಲ.

ಸಭಾಂಗಣದಲ್ಲಿ ಅವರು ಬಂದು ಕೂತರು. ಬಿಳಿ ಜುಬ್ಬಾ, ಮೇಲೊಂದು ಸ್ವೆಟರು. ನಾಲ್ಕನೆಯದಾಗಿ ಬಾವಿಯ ಹಾಡು ಶುರುಮಾಡಿದರು. ಮದುಮಗಳು ಬಂದು ಹೋದಳು. ಮಗು ಬಂದು ಹೋಯಿತು. ಹಾರ್ಮೋನಿಯಂ ಮುಂದುವರಿಯಿತು, ಅವರ ಬಾಯಿ ಮುಚ್ಚಿತ್ತು. ಅಲ್ಲಿ ಒಂದು ಉಸಿರಿನಷ್ಟು ತೆರಪಿತ್ತು.

ನಾನು ಎತ್ತಿಕೊಂಡೆ.

ಯೋಚನೆ ಮಾಡಿ ಮಾಡಿದ್ದಲ್ಲ. ಬೀಳುವ ತಟ್ಟೆಗೆ ಕೈ ಚಾಚುವ ಹಾಗೆ ಆಯಿತು. ಮೊದಲ ಸಾಲು ಮುಗಿಯುವ ಹೊತ್ತಿಗೆ ದೊಡ್ಡವಳು "ಅಜ್ಜೀ..." ಎಂದು ನನ್ನ ಸೆರಗು ಜಗ್ಗುತ್ತಿದ್ದಳು. ಮುಂದಿನ ಸಾಲಿನ ತಲೆಗಳೆಲ್ಲ ತಿರುಗಿದವು. ನಿಲ್ಲಿಸಿದ್ದರೆ ಇನ್ನೂ ಅವಮಾನ. ಅವರು ತಲೆ ಎತ್ತಿ ನೋಡಿದರು, ಆದರೆ ಬೆರಳು ನಿಲ್ಲಿಸಲಿಲ್ಲ. ನನ್ನ ದನಿ ಮೇಲಕ್ಕೆ ಹೋಗದು ಎಂದು ಗೊತ್ತಾಗಿ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿಕೊಟ್ಟರು. ನಾಲ್ಕೂ ಸಾಲು ಮುಗಿಸಿದೆ. ಅವರು ಎರಡು ಸಲ ಗಂಟಲು ಸರಿಮಾಡಿಕೊಂಡು ದಾರಿಹೋಕನ ಚರಣ ಹಾಡಿದರು.

ಕಾರ್ಯಕ್ರಮ ಮುಗಿದ ಕೂಡಲೇ ಚಪ್ಪಲಿ ಹುಡುಕುತ್ತಿದ್ದೆ. ಯಾರೋ ಬಂದು, ಅವರು ಕರೆಯುತ್ತಿದ್ದಾರೆ ಎಂದರು. ಬರಿಗಾಲಲ್ಲೇ ಹೋದೆ.

"ಯಾವೂರಮ್ಮ ನಿಮ್ದು?" ಎಂದರು ಅವರು.

"ಮಾಗಡಿ ಕಡೆ, ಸ್ವಾಮಿ. ತಪ್ಪಾಯ್ತು. ನೀವು ಮರೆತಿರಿ ಅಂದ್ಕೊಂಡೆ. ನಮ್ಮ ಕಡೆ ಹಾಗೆ ಎತ್ತಿಕೊಳ್ತೀವಿ."

"ಮರೆತಿಲ್ಲಮ್ಮ. ಬಿಟ್ಟಿದ್ದೀನಿ."

ಅವರೇ ಹೇಳಿದರು. ಅವರ ತಂದೆ ತೀರಿಕೊಂಡ ವರ್ಷ ಒಂದು ಕಾರ್ಯಕ್ರಮಕ್ಕೆ ತಾಯಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ಈ ಚರಣ ಬಂದಾಗ ಆಕೆ ಸೆರಗು ಎಳೆದು ಎರಡೂ ಕೈ ಮುಚ್ಚಿಕೊಂಡರಂತೆ. ಅವತ್ತಿನಿಂದ ಹಾಡಿಲ್ಲ.

"ಹಾಡಬೇಡ ಅಂದ್ರಾ ಅವರು?" ಎಂದು ಕೇಳಿದೆ.

"ಇಲ್ಲ. ನಾನು ಕೇಳಲಿಲ್ಲ."

ಆಗ ನನ್ನ ಬಾಯಿಂದ ಇನ್ನೊಂದು ಮಾತು ಬಂದುಬಿಟ್ಟಿತು. "ಕೇಳಬೇಕಿತ್ತು, ಸ್ವಾಮಿ. ಆ ಬಾವಿಗೆ ನಾಲ್ಕು ಜನ ಬರ್ತಿದ್ರು. ಮೂರು ಜನರನ್ನ ಬಿಟ್ಕೊಂಡು ಅವಳೊಬ್ಬಳನ್ನ ಹೊರಗೆ ನಿಲ್ಲಿಸಿದ್ರಿ. ನನಗೆ ಆ ಹಾಡಲ್ಲಿ ಇದ್ದಿದ್ದು ಅವಳೊಬ್ಬಳೇ."

ಅವರು ಲೋಟದಲ್ಲಿದ್ದ ಬಿಸಿನೀರನ್ನು ಪೂರ್ತಿ ಕುಡಿದರು. ಆಮೇಲೆ ಕೈ ಮುಗಿದರು, ನಾನೂ ಮುಗಿದೆ.

ಆಟೋದಲ್ಲಿ ದೊಡ್ಡವಳಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ, ಹಾಲು ಕೊಡೋನು ಲೇಟಾಗಿ ಬಂದ್ರೂ ಒಂದು ಮಾತು ಕೇಳಲ್ಲ ನೀನು. ಅಷ್ಟು ದೊಡ್ಡೋರನ್ನ ನಿಲ್ಲಿಸಿ ಬೈದುಬಿಟ್ಟೆಯಲ್ಲ!"

"ಬೈದಿಲ್ಲ ಕಣೇ."

"ಬೈದೆ. ಸ್ವಾಮಿ ಸ್ವಾಮಿ ಅಂತಲೇ ಬೈದೆ."

ಮನೆಯಲ್ಲಿ ಅದು ನಾಲ್ಕು ದಿನದ ತಮಾಷೆಯಾಯಿತು, ಮುಗಿಯಿತು ಅಂದುಕೊಂಡೆ. ಕೆಲವು ವಾರದ ಮೇಲೆ ಒಂದು ಬೆಳಿಗ್ಗೆ ದೊಡ್ಡವಳು ಸಭಾಂಗಣದಲ್ಲಿ ಬರೆಸಿದ್ದ ಫೋನ್ ನಂಬರಿಗೆ ಕರೆ ಬಂತು. ಅವರ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುವ ಹೆಂಗಸು. ಆವತ್ತಿನದನ್ನು ಲೈವ್ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹಾಕುತ್ತಾರಂತೆ. ನನ್ನ ದನಿ ಇರುವ ಕಡೆ ಕತ್ತರಿಸಿ, ಹಳೆಯ ರೆಕಾರ್ಡಿಂಗಿನ ಹಾರ್ಮೋನಿಯಂ ಜೋಡಿಸಬಹುದಂತೆ. "ಏನು ಮಾಡೋಣ ಅಂತ ನಿಮ್ಮನ್ನೇ ಕೇಳಬೇಕು ಅಂತ ಅವರು ಹೇಳಿದ್ದಾರೆ," ಎಂದಳು. ಒಂದು ದಿನ ಸಮಯ ಕೇಳಿದೆ.

ನನ್ನ ಮಗ, ನಿಮ್ಮಪ್ಪ, ಊಟ ಮಾಡುತ್ತಾ ಹೇಳಿದ: "ಬೇಡಮ್ಮ. ಊರಲ್ಲಿ ಯಾರಾದ್ರೂ ಕೇಳಿದ್ರೆ ಮಾತಾಡ್ಕೋತಾರೆ. ಆ ಚರಣವೇ ಹಾಗಿದೆ."

"ಹೇಗಿದೆ?" ಎಂದಳು ಸೊಸೆ, ಸಾರು ಬಡಿಸುತ್ತಿದ್ದವಳು.

"ಹಾಗೇ... ನೋವಿಂದು."

"ನೋವು ನಿಮಗೋ, ಅತ್ತೆಗೋ?"

ಅವನು ಸಾರು ಕಲಸಿಕೊಂಡ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ಮಜ್ಜಿಗೆ ಹಾಕಿಸಿಕೊಂಡೆ.

ಮಧ್ಯಾಹ್ನ ಹಳೆಯ ನೋಟ್ ಬುಕ್ಕನ್ನು ಟ್ರಂಕಿನಿಂದ ತೆಗೆದೆ. ಸೋಬಾನೆ ಹಾಡುಗಳು ಇದ್ದ ಹಾಗೇ ಇವೆ, ನನ್ನ ಏಳನೇ ಕ್ಲಾಸಿನ ದುಂಡು ಅಕ್ಷರ. ಕೊನೆಯಲ್ಲಿ ಹಾಳೆಗಳು ಉಳಿದಿದ್ದವು. ಬಾವಿಯ ಹಾಡನ್ನು ಅದರಲ್ಲಿ ಬರೆದೆ, ನಾಲ್ಕೂ ಚರಣ. ಬರೆಯುವಾಗ ಅವರ ತಾಯಿಯ ಯೋಚನೆ ಬಂತು. ಆಕೆ ಕೈ ಮುಚ್ಚಿಕೊಂಡದ್ದು ನೋವಿಗೋ, ಚಳಿಗೋ, ಎಲ್ಲರ ಎದುರು ತನ್ನದೇ ವಿಷಯ ಬಂತಲ್ಲ ಎಂಬ ನಾಚಿಕೆಗೋ. ನನಗೂ ಗೊತ್ತಿಲ್ಲ. ಯಾರೂ ಕೇಳಲಿಲ್ಲ. ನನ್ನನ್ನು ಈಗ ಕೇಳಿದ್ದಾರೆ.

ಮರುದಿನ ನಾನೇ ಮಾತಾಡಿದೆ. "ಇರಲಿ," ಎಂದೆ.

"ಸಂತೋಷ ಆಯ್ತಮ್ಮ. ಎರಡನೇ ಸಾಲಲ್ಲಿ ದನಿ ಸ್ವಲ್ಪ ನಡುಗಿದೆ. ಸರಿಮಾಡ್ಲಾ? ಗೊತ್ತೇ ಆಗಲ್ಲ."

"ಬೇಡ. ಅದೂ ಇರಲಿ."

"ನಿಮ್ಮ ಹೆಸರು ಏನಂತ ಹಾಕೋಣ?"

"ಹೆಸರು ಬೇಡಮ್ಮ," ಎಂದು ಫೋನು ದೊಡ್ಡವಳ ಕೈಗೆ ಕೊಟ್ಟೆ.

ಈಗ ಅದು ಬಂದಿದೆ. ಚಿಕ್ಕವನು ಮನೆಗೆ ಬಂದವರಿಗೆಲ್ಲ ಹಾಕಿ ಕೇಳಿಸುತ್ತಾನೆ, ನಾನು ಅಡುಗೆಮನೆಗೆ ಹೋಗುತ್ತೇನೆ. ಅವರು ಮೂರನೇ ಚರಣ ಹಾಡುವುದನ್ನು ನಾನು ಇನ್ನೂ ಕೇಳಿಲ್ಲ. ಮುಂದಿನ ತಿಂಗಳು ಮಲ್ಲೇಶ್ವರದಲ್ಲಿ ಕಾರ್ಯಕ್ರಮ ಇದೆಯಂತೆ. ಹೋಗುತ್ತೇನೆ. ಅವರು ಹಾಡಿದರೆ ಕೇಳುತ್ತೇನೆ. ಅಲ್ಲಿ ಮತ್ತೆ ತೆರಪು ಬಂದರೆ ಏನು ಮಾಡುತ್ತೀಯಾ ಎಂದು ದೊಡ್ಡವಳು ಕೇಳಿದಳು. ಎರಡನೇ ಸಾಲಿನಲ್ಲೇ ಜಾಗ ಹಿಡಿ ಎಂದು ಹೇಳಿದ್ದೇನೆ.