ಭಾವುಸಾಹೇಬರ ಗಂಟೆ

ನಮ್ಮ ಹೈಸ್ಕೂಲಿಗೆ ಹಿತ್ತಾಳೆಯ ಗಂಟೆ ಇರಲಿಲ್ಲ. ಬೇವಿನ ಟೊಂಗೆಗೆ ಸರಪಳಿಯಿಂದ ಕಟ್ಟಿದ ರೈಲು ಹಳಿಯ ತುಂಡೊಂದಿತ್ತು, ಮೊಳದುದ್ದದ್ದು. ಕುಡಚಿ ಸ್ಟೇಷನ್ನಿನ ಕಡೆಯಿಂದ ಯಾರೋ ಎಂದೋ ತಂದದ್ದಂತೆ. ಅದನ್ನು ಬಾರಿಸುತ್ತಿದ್ದವರು ಶಾಲೆಯ ಸಿಪಾಯಿ ಭಾವುಸಾಹೇಬ. ನಲವತ್ತು ದಾಟಿದ ಮನುಷ್ಯ, ಏಳನೆಯ ಇಯತ್ತೆಯವರೆಗೆ ಓದಿದ್ದರು. ದಿನವೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಹನ್ನೊಂದು ವರ್ಷ ದುಡಿದಿದ್ದರೂ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅವರ ಗಂಟೆಗೆ ಒಂದು ನಡೆ ಇತ್ತು. ಮೊದಲು ಒಂದು ದೊಡ್ಡ ಪೆಟ್ಟು. ತಡೆದು ಎರಡು. ಆಮೇಲೆ ಪುಟಿಯುತ್ತ ಹೋಗುವ ನಾಲ್ಕೈದು. ಕೊನೆಗೆ ಅಂಗೈಯಿಂದ ಹಳಿಯನ್ನು ಹಿಡಿದು ಸದ್ದು ನಿಲ್ಲಿಸುವುದು. ನಾನು ಧಾರವಾಡದಲ್ಲಿ ಓದಿ ಬೆಳೆದವಳು. ಗಂಡನಿಗೆ ಕುಡಚಿಯ ಬ್ಯಾಂಕಿಗೆ ವರ್ಗವಾಗಿ, ೧೯೯೦ರಲ್ಲಿ ಹತ್ತಿರದ ಈ ಊರಿಗೆ ಬಂದು ತಾತ್ಕಾಲಿಕ ಹಿಂದಿ ಶಿಕ್ಷಕಿಯಾಗಿದ್ದೆ. ಮಗಳಿಗೆ ಹತ್ತು ತಿಂಗಳು. ನೀರು ಎರಡು ಸಲ ಕುದಿಸುತ್ತಿದ್ದೆ, ತರಗತಿಗಳ ನಡುವೆ ಮನೆಗೆ ಓಡಿ ಮಗುವಿನ ಹಣೆ ಮುಟ್ಟಿ ಬರುತ್ತಿದ್ದೆ. ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದವಳು ಭಾವುಸಾಹೇಬರ ಹೆಂಡತಿ ಸಕ್ಕುಬಾಯಿ. ಅವರ ಮಗಳು ಸುಜಾತಾ ನಮ್ಮಲ್ಲೇ ಒಂಬತ್ತನೆಯ ತರಗತಿ, ಲೇಜೀಮು ತಂಡದ ಮುಂದಿನ ಸಾಲಿನಲ್ಲಿ ಮೊದಲನೆಯವಳು.

ಮರುವರ್ಷದ ಜನವರಿಯಲ್ಲಿ ಡ್ರಿಲ್ ಮಾಸ್ತರರು ತರಬೇತಿಗೆ ಹೋದದ್ದರಿಂದ ಲೇಜೀಮು ತಂಡ ನನ್ನ ಕೊರಳಿಗೆ ಬಿತ್ತು. ಇಪ್ಪತ್ತಾರಕ್ಕೆ ರಾಯಬಾಗದಲ್ಲಿ ಸ್ಪರ್ಧೆ. ನಲವತ್ತು ಮಕ್ಕಳು ಕೈಯಲ್ಲಿ ಕಿರುತಾಳ ಪೋಣಿಸಿದ ಲೇಜೀಮು ಹಿಡಿದು ಝಲ್ ಝಲ್ ಎನ್ನಿಸಲು ತೊಗಲಿನ ಹಲಗಿ ಬೇಕೇ ಬೇಕು, ಹಲಗಿಯೇ ಹೆಜ್ಜೆಯನ್ನು ಹೇಳುವುದು. ಹಲಗಿಗೆ ಹತ್ತನೆಯ ತರಗತಿಯ ಮುರಗೆಪ್ಪ ಇದ್ದ. ಇಪ್ಪತ್ಮೂರರ ಬುಧವಾರ ಅವನು ಓಡುವ ಕಬ್ಬಿನ ಟ್ರೇಲರಿನಿಂದ ಗಳ ಹಿರಿಯಲು ಹೋಗಿ ಬಿದ್ದು ಮಣಿಕಟ್ಟು ಮುರಿದುಕೊಂಡ.

ಸಂಜೆ ಮೈದಾನದಲ್ಲಿ ಮಕ್ಕಳೆಲ್ಲ ನನ್ನ ಮುಖ ನೋಡುತ್ತ ನಿಂತಿದ್ದರು. ಭಾವುಸಾಹೇಬರು ಕೊನೆಯ ಗಂಟೆ ಬಾರಿಸಿ ಹಳಿಯ ಮೇಲೆ ಕೈ ಇಟ್ಟರು. ಆ ಕೈ ನೋಡಿ ನನಗೆ ಹೊಳೆಯಿತು. ಅಲ್ಲಿಂದಲೇ ಕೂಗಿದೆ.

"ಭಾವುಸಾಹೇಬ್, ನೀವು ಬಾರಿಸ್ರಲ್ಲ. ನಿಮ್ಮ ಮಂದಿಗೆ ಹಲಗಿ ಹುಟ್ಟಿನಿಂದನ ಬರ್ತದಂತಲ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಜಾತಾ ಲೇಜೀಮನ್ನು ನೆಲಕ್ಕಿಟ್ಟಳು. ಭಾವುಸಾಹೇಬರು ನನ್ನ ಕಡೆ ನೋಡಲಿಲ್ಲ.

"ನನಗ ಬರೂದಿಲ್ರಿ ಅಕ್ಕಾರ," ಎಂದು ಕೋಣೆಗಳಿಗೆ ಕೀಲಿ ಹಾಕಲು ಹೋದರು.

ಮರುದಿನ ಬೆಳಿಗ್ಗೆ ಸಕ್ಕುಬಾಯಿ ಎಂದಿನಂತೆ ಬಂದು ಮಗುವನ್ನು ಎತ್ತಿಕೊಂಡಳು. ಆದರೆ ಕೂರಲಿಲ್ಲ.

"ಅಕ್ಕಾರ, ನೀವು ಶಾಣ್ಯಾರು, ಊರು ಗೊತ್ತಿಲ್ಲ ನಿಮಗ. ಅದಕ್ಕ ಹೇಳ್ತೀನಿ. ನಮ್ಮ ಮಾವಾರು ಊರ ಹಲಗಿ ಬಾರಸ್ತಿದ್ರು. ಡಂಗರಾ ಸಾರಾಕ ಕರೀಲಿ, ಹೆಣಾ ಎತ್ತಾಕ ಕರೀಲಿ, ಉಣ್ಣೂ ಗಂಗಾಳ ಬಿಟ್ಟು ಎದ್ದು ಹೋಗಬೇಕು. ಬಾಬಾಸಾಹೇಬರ ಬೌದ್ಧ ಧಮ್ಮ ತಗೊಂಡ ದಿನಾ ಆ ಹಲಗಿ ಕೃಷ್ಣಾ ಹೊಳಿಗೆ ಬಿಟ್ರು. ಇವರ ಕೈ ಹಿಡದು ಭಾಷೆ ತಗೊಂಡ್ರು, ಇನ್ನ ಯಾರು ಕರದ್ರೂ ನೀ ಇದನ್ನ ಮುಟ್ಟಬಾರ್ದು ಅಂತ. ಇವರಿಗಾಗ ಹತ್ತು ವರ್ಸ."

"ಬರೂದಿಲ್ಲ ಅಂದ್ರಲ್ಲ?"

"ಬರ್ತೈತ್ರಿ. ನಿದ್ದ್ಯಾಗ ಕೈಬಟ್ಟು ಬಡೀತಾರ ಹಾಸಿಗಿ ಮ್ಯಾಲ." ಮಗುವಿನ ಕುಲಾವಿ ಸರಿಮಾಡಿದಳು.

ಆಗಲೇ ಶಾಲೆಯ ಗಂಟೆ ಕೇಳಿಸಿತು. ಢಣ್, ಢಣ್, ಢಣ್. ಒಂದೇ ಅಳತೆಯ ಪೆಟ್ಟು, ಯಾರಾದರೂ ಬಾರಿಸಬಹುದಾದದ್ದು. ಸಕ್ಕುಬಾಯಿ ನನ್ನತ್ತ ನೋಡಿದಳು. ನಾನು ಚಹಾದ ಕಪ್ಪು ಕೆಳಗಿಟ್ಟೆ.

ನಾನು ಕೇಳಿದ್ದು, ಅವರು ಒಲ್ಲೆ ಎಂದದ್ದು ಊರಲ್ಲಿ ಹಬ್ಬಿ ಮಧ್ಯಾಹ್ನದ ಹೊತ್ತಿಗೆ ಚೇರ್ಮನ್ ರಾವಸಾಹೇಬರ ಜೀಪು ಬಂತು. ದ್ರಾಕ್ಷಿ ತೋಟ, ಕಬ್ಬು ಎಲ್ಲ ಇದ್ದ ಸಾವ್ಕಾರರು, ಶಾಲೆಯ ಕಮಿಟಿಗೆ ದೊಡ್ಡವರು. ಹೆಡ್ ಮಾಸ್ತರರ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು.

"ಏನಲೇ ಭಾವ್ಯಾ, ಸಾಲಿ ಮರ್ಯಾದಿ ದೊಡ್ಡದೋ, ನಿಂದು ದೊಡ್ಡದೋ?"

"ಸಾಲಿದು ದೊಡ್ಡದ್ರಿ."

"ಮತ್ತ?"

"ಹಲಗಿ ಮುಟ್ಟೂದಿಲ್ರಿ."

"ನಿನ್ನ ಕಾಯಂ ಫೈಲು ನನ್ನ ಸಹಿಗೆ ಬಂದೈತಿ. ಶನಿವಾರ ಹಲಗಿ ಕೇಳಿದ್ರ ಸೋಮವಾರ ಸಹಿ. ಇಲ್ಲಂದ್ರ ಸೋಮವಾರ ಗಂಟಿ ಹೊಡ್ಯಾಕ ಬ್ಯಾರೆ ಮನಷ್ಯಾನ್ನ ಕಳಸ್ತೀನಿ."

ನನ್ನದೂ ತಾತ್ಕಾಲಿಕ ಕೆಲಸ. ಆದರೂ ಹೇಳಿದೆ. "ತಪ್ಪು ನಂದ್ರಿ. ತಿಳೀದ ಕೇಳಿಬಿಟ್ಟೆ."

ರಾವಸಾಹೇಬರು ಅಕ್ಕರೆಯಿಂದಲೇ ನಕ್ಕರು. "ನೀವು ಕೇಳಿದ್ದು ಬರೋಬರಿ ಐತ್ರಿ ಅಕ್ಕಾರ. ಅಂವಾ ಒಲ್ಲೆ ಅಂದದ್ದು ತಪ್ಪು."

ಅವರು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಶುಕ್ರವಾರವಿಡೀ ಮಕ್ಕಳು ಬರಿ ಬಾಯಿಂದ ಏಕ್, ದೋನ್, ತೀನ್, ಚಾರ್ ಎಂದು ಎಣಿಸುತ್ತ ಕುಣಿದರು, ನಾಲ್ಕನೆಯ ಸುತ್ತಿಗೆ ಒಬ್ಬರ ಹೆಜ್ಜೆಗೆ ಒಬ್ಬರದು ಕೂಡುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಟೆಂಪೋ ಹತ್ತುವಾಗ ಹಲಗಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳಲು ಧೈರ್ಯವಾಗಲಿಲ್ಲ. ಅವರು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಒಳಗೊಳಗೇ ಇತ್ತು. ಸುಜಾತಾ ಆ ಚೀಲವನ್ನು ನೋಡಿ, ರಾಯಬಾಗ ಬರುವತನಕ ಕಿಟಕಿಯ ಹೊರಗೇ ನೋಡುತ್ತ ಕುಳಿತಳು.

ಭಾವುಸಾಹೇಬರು ಟೆಂಪೋದಲ್ಲಿ ಇರಲಿಲ್ಲ. ಮೊದಲ ಬಸ್ಸಿಗೆ ಬಂದು ಮೈದಾನದ ಅಂಚಿನ ಹುಣಸೆ ಮರದ ಕೆಳಗೆ ನಿಂತಿದ್ದರು. ಕಾಲ ಬಳಿ ಗೋಣಿಚೀಲ, ಅದರೊಳಗಿಂದ ಸರಪಳಿ ಇಣುಕುತ್ತಿತ್ತು. ನಮ್ಮ ಶಾಲೆಯ ಹಳಿಯ ತುಂಡನ್ನು ಬಿಚ್ಚಿಕೊಂಡು ಬಂದಿದ್ದರು.

"ಅಕ್ಕಾರ, ಇದು ನನ್ನ ಕೆಲಸದ ಸಾಮಾನು. ಇದನ್ನ ಬಾರಸ್ತೀನಿ. ಸೀಟಿ ನೀವು ಊದ್ರಿ."

ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಮುರಗೆಪ್ಪ ಪಕ್ಕದಲ್ಲಿದ್ದ. "ಮಾಮಾ, ಊಟದ ಸುಟ್ಟಿ ಆತು ಅಂತ ಹುಡುಗೂರು ಲೇಜೀಮು ಒಗದು ಓಡಿ ಹೋದಾರ ನೋಡ್ರಿ."

"ನೀ ಮೊದಲ ಓಡಾವ," ಎಂದರು ಭಾವುಸಾಹೇಬರು, ಸರಪಳಿಯನ್ನು ಟೊಂಗೆಗೆ ಬಿಗಿಯುತ್ತ.

ನಮ್ಮ ಶಾಲೆಯ ಹೆಸರು ಕೂಗಿದರು. ವೇದಿಕೆಯ ಮೇಲೆ ಅತಿಥಿಗಳ ಸಾಲಿನಲ್ಲಿದ್ದ ರಾವಸಾಹೇಬರು ಮರದ ಕಡೆ ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ಚೀಲವನ್ನು. ಬೆರಳಿನಿಂದ ಅದನ್ನೇ ತೋರಿಸಿದರು: ಕೊಡು ಅವನಿಗೆ. ಮಕ್ಕಳೂ ನೋಡಿದರು. ಭಾವುಸಾಹೇಬರೊಬ್ಬರು ನೋಡಲಿಲ್ಲ. ಕೈಯಲ್ಲಿ ಕಬ್ಬಿಣದ ಗೂಟ ಹಿಡಿದು, ಹಳಿಯನ್ನು ನೋಡುತ್ತ ಕಾದಿದ್ದರು. ಕರೆಯುವುದು, ಬಿಡುವುದು ಮತ್ತೆ ನನ್ನ ಕೈಗೇ ಬಂದಿತ್ತು.

ಚೀಲವನ್ನು ಟೆಂಪೋದ ಸೀಟಿನ ಕೆಳಗೆ ತಳ್ಳಿ ಬಂದೆ. ಸೀಟಿ ಊದಿದೆ. ಮೊದಲ ಸಲ ಬರೀ ಗಾಳಿ ಹೋಯಿತು, ಎರಡನೆಯ ಸಲ ಸದ್ದು ಬಂತು.

ಒಂದು ದೊಡ್ಡ ಪೆಟ್ಟು. ತಡೆದು ಎರಡು. ಆಮೇಲೆ ಪುಟಿಯುವ ನಾಲ್ಕೈದು. ಎರಡು ದಿನದಿಂದ ಕೇಳದಿದ್ದ ಆ ನಡೆ. ಮಕ್ಕಳ ಕಾಲಿಗೆ ಅದು ದಿನವೂ ಕೇಳಿದ ಸದ್ದು, ಹೆಜ್ಜೆ ತಪ್ಪಲಿಲ್ಲ. ನಲವತ್ತು ಲೇಜೀಮು ಒಟ್ಟಿಗೆ ಝಲ್ಲೆಂದವು. ಸುತ್ತು ತಿರುಗುವಲ್ಲಿ ಅವರು ಅಂಗೈಯಿಂದ ಸದ್ದು ನುಂಗಿಸಿದರೆ ಮಕ್ಕಳು ನಿಂತರು, ಬಿಟ್ಟರೆ ಹೊರಟರು. ಸುಜಾತಾ ಮುಂದಿನ ಸಾಲಿನಲ್ಲಿ ಅಪ್ಪನಿಗೆ ಬೆನ್ನು ಮಾಡಿಯೇ ಕುಣಿದಳು, ನೋಡುವ ಅಗತ್ಯವಿರಲಿಲ್ಲ.

ಬಹುಮಾನ ಬರಲಿಲ್ಲ. ನಿಯಮದಲ್ಲಿ ಇಲ್ಲದ ವಾದ್ಯ ಎಂದು ಅಂಕ ಕಳೆದರು. ರಾವಸಾಹೇಬರ ಜೀಪು ನಮ್ಮ ಟೆಂಪೋವನ್ನು ದಾಟಿ ಹೋಯಿತು, ನಿಲ್ಲಲಿಲ್ಲ.

ಭಾನುವಾರ ಹೇಗೆ ಕಳೆಯಿತೋ. ಸೋಮವಾರ ಸಕ್ಕುಬಾಯಿ ಬಂದಾಗ ಬಾಗಿಲಲ್ಲೇ ಕೇಳಿದೆ.

"ಹೋಗ್ಯಾರ್ರಿ. ಅಂಗಿ ಇಸ್ತ್ರಿ ಮಾಡಕೊಂಡ ಹೋಗ್ಯಾರ. ಕೀಲಿ ಕೊಟ್ಟು ಬರಾಕೋ, ಗಂಟಿ ಹೊಡ್ಯಾಕೋ, ನನಗೂ ಹೇಳಿಲ್ಲ."

ನನಗೆ ಮೊದಲ ತಾಸು ಪಾಠವಿರಲಿಲ್ಲ. ಮಗುವಿಗೆ ನೀರು ಆರಿಸುತ್ತ ಇಬ್ಬರೂ ಅಡುಗೆಮನೆಯಲ್ಲಿ ನಿಂತೆವು. ಹತ್ತೂ ಇಪ್ಪತ್ತೈದು. ಹತ್ತೂವರೆ, ಮೊದಲ ಗಂಟೆಯ ಹೊತ್ತು. ಅದೂ ದಾಟಿತು. ಸಕ್ಕುಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಒಂದು ಪೆಟ್ಟು ಬಿತ್ತು. ಯಾರದೆಂದು ತಿಳಿಯಲಿಲ್ಲ. ನಾನು ಲೋಟವನ್ನು ಹಿಡಿದೇ ಇದ್ದೆ.

ತಡೆದು, ಎರಡು.

"ನೀರು ತಂಪಾತ್ರಿ," ಎಂದು ಸಕ್ಕುಬಾಯಿ ನನ್ನ ಕೈಯಿಂದ ಲೋಟ ಇಸಿದುಕೊಂಡಳು.

ರಾವಸಾಹೇಬರು ಅವರನ್ನು ತೆಗೆಯಲಿಲ್ಲ, ಸಹಿಯನ್ನೂ ಮಾಡಲಿಲ್ಲ. ಆ ಫೈಲಿಗೆ ಸಹಿ ಬೀಳಲು ಮತ್ತೆ ನಾಲ್ಕು ವರ್ಷ ಹಿಡಿಯಿತು ಎಂದು ನಮಗೆ ವರ್ಗವಾದ ಮೇಲೆ ಸುಜಾತಾ ಕಾಗದ ಬರೆದು ತಿಳಿಸಿದಳು. ಆ ನಾಲ್ಕು ವರ್ಷದಲ್ಲಿ ನನ್ನ ಪಾಲೂ ಇದೆ.

ಆ ಸೋಮವಾರ ಬೇವಿನ ಮರದ ಕೆಳಗೆ ಹೋಗಿ, ಬುಧವಾರದ ಮಾತಿಗೆ ಕ್ಷಮೆ ಕೇಳಿದೆ. ಭಾವುಸಾಹೇಬರು ಗಡಿಯಾರ ನೋಡಿದರು.

"ಎರಡನೇ ತಾಸು ನಿಮ್ಮದೈತ್ರಿ ಅಕ್ಕಾರ," ಎಂದು ಗೂಟ ಎತ್ತಿಕೊಂಡರು. "ಸ್ವಲ್ಪ ಹಿಂದ ಸರೀರಿ, ಕಿವಿಗೆ ಬಡೀತೈತಿ."