ಹಾರನ್ನಿಗೆ ಮುಗಿಯುವ ಆಟ

ನಾನು ಆಡುತ್ತಿದ್ದ ಕಾಲದಲ್ಲಿ ಆಟ ನೋಡಲು ಬರುವವರ ಬಗ್ಗೆ ನನಗೆ ದೊಡ್ಡ ಗೌರವವೇನೂ ಇರಲಿಲ್ಲ. ಕೆಲಸವಿಲ್ಲದವರು ಬಂದು ನಿಲ್ಲುತ್ತಾರೆ, ಕಡಲೆಕಾಯಿ ಸುಲಿದು ಸಿಪ್ಪೆಯನ್ನು ಕೋರ್ಟಿನೊಳಗೇ ಎಸೆಯುತ್ತಾರೆ, ಚೆನ್ನಾಗಿ ಹೊಡೆದಾಗ ಸುಮ್ಮನಿದ್ದು ತಪ್ಪಿದಾಗ ಮಾತ್ರ ಬಾಯಿ ಬಿಡುತ್ತಾರೆ ಎಂದುಕೊಂಡಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ಅಂದುಕೊಂಡಿದ್ದೇನೆ. ಒಬ್ಬರನ್ನು ಮಾತ್ರ ಆ ಗುಂಪಿನಿಂದ ಹೊರಗಿಡಬೇಕು. ಅವರು ನಮ್ಮ ನರಸಿಂಹರಾಜಪುರದ ಬಸ್ಸಿನ ಡ್ರೈವರು ಅಸಾದುಲ್ಲಾ ಸಾಹೇಬರು.

ಆಗ ಯುದ್ಧದ ಕಾಲ. ನಮ್ಮದು ಊರಿನಲ್ಲಿ ಜವಳಿ ಅಂಗಡಿ, ನಾನು ಊರಿನ ಬಾಲ್ ಬ್ಯಾಡ್ಮಿಂಟನ್ ತಂಡದ ಕ್ಯಾಪ್ಟನ್. ಹಳದಿ ಉಣ್ಣೆಯ ಚೆಂಡು, ಐದೈದು ಜನ, ನಡುವೆ ನೆಟ್ಟು, ಇಪ್ಪತ್ತೊಂಬತ್ತು ಪಾಯಿಂಟಿಗೆ ಒಂದು ಗೇಮು, ಮೂರರಲ್ಲಿ ಎರಡು ಗೆದ್ದವರು ಗೆದ್ದ ಹಾಗೆ. ಮಳೆ ನಿಂತು ನೆಲ ಒಣಗಿದ ಮೇಲೆ ಶನಿವಾರಗಳಲ್ಲಿ ಕೊಪ್ಪಕ್ಕೆ ಹೋಗಿ ಆಡುತ್ತಿದ್ದೆವು. ಹೋಗುವುದೂ ಬರುವುದೂ ಸಾಹೇಬರ ಬಸ್ಸಿನಲ್ಲೇ. ಅದು ಮಧ್ಯಾಹ್ನ ನಮ್ಮೂರು ಬಿಟ್ಟು ಕೊಪ್ಪ ಸೇರಿ, ಸಂಜೆ ಐದೂವರೆಗೆ ಅಲ್ಲಿಂದ ಹಿಂದಿರುಗುತ್ತಿತ್ತು. ಅದು ತಪ್ಪಿದರೆ ಬೇರೆ ಬಸ್ಸಿಲ್ಲ.

ಕೊಪ್ಪದ ಆಟಗಾರರೆಲ್ಲ ಕಚೇರಿ ಗುಮಾಸ್ತರು. ಶನಿವಾರದ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಮುಖ ತೊಳೆದು ಮೈದಾನಕ್ಕೆ ಬರುವಾಗ ನಾಲ್ಕೂವರೆ ದಾಟಿರುತ್ತಿತ್ತು. ಮೂರನೆಯ ಗೇಮು ಮುಗಿಯುವಷ್ಟು ಹೊತ್ತು ಎಂದೂ ಸಿಗುತ್ತಿರಲಿಲ್ಲ. ಅದಕ್ಕೆ ಎರಡೂ ಊರಿನವರು ಸೇರಿ ಒಂದು ಕಾನೂನು ಮಾಡಿಕೊಂಡಿದ್ದೆವು. ಬಸ್ಸಿನ ಹಾರನ್ ಆದ ಕೂಡಲೇ ಆಟ ನಿಲ್ಲಬೇಕು. ಆ ಗಳಿಗೆಯಲ್ಲಿ ಯಾರು ಮುಂದಿದ್ದಾರೋ ಅವರೇ ಗೆದ್ದವರು. ಬೇರೆ ಯಾವ ಊರಿನಲ್ಲೂ ಇಂಥ ಕಾನೂನು ಇದ್ದಂತೆ ನಾನು ಕೇಳಿಲ್ಲ. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಸಾಹೇಬರು ಬಸ್ಸನ್ನು ಮೈದಾನದ ಅಂಚಿಗೇ ತಂದು ನಿಲ್ಲಿಸಿ, ಫುಟ್‌ಬೋರ್ಡಿನ ಮೇಲೆ ನಿಂತು ಆಟ ನೋಡುತ್ತಿದ್ದರು. ಉದ್ದನೆಯ ಮನುಷ್ಯ, ಖಾಕಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ಒಂದು ದಿನವೂ ಬ್ಯಾಟು ಹಿಡಿದವರಲ್ಲ. ಆದರೆ ಅವರಷ್ಟು ಪ್ರಶ್ನೆ ಕೇಳುವವರನ್ನು ನಾನು ಕಂಡಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ತಿನ್ನುತ್ತಿದ್ದರು. ಸರ್ವಿಸ್ ಮಾಡುವ ಮುಂಚೆ ಚೆಂಡನ್ನು ಯಾಕೆ ತೊಡೆಗೆ ಒರೆಸುತ್ತೀರಿ? ಗಾಳಿ ಎಡದಿಂದ ಬಂದರೆ ಎಷ್ಟು ಗೇಣು ಬಲಕ್ಕೆ ಹೊಡೆಯುತ್ತೀರಿ? ಕೊಪ್ಪದ ಆ ಕುಳ್ಳ ಗುಮಾಸ್ತ ಹೊಡೆಯುವಾಗ ನಾಲಿಗೆ ಯಾಕೆ ಹೊರಗೆ ಹಾಕುತ್ತಾನೆ? ಒಮ್ಮೆ ನಮ್ಮ ಸವೆದ ಚೆಂಡೊಂದನ್ನು ಕೇಳಿ ತೆಗೆದುಕೊಂಡು ಹೋದರು. ಮನೆಯಲ್ಲಿ ಕೂತು ಅದನ್ನು ಎಳೆ ಎಳೆಯಾಗಿ ಬಿಚ್ಚಿದರಂತೆ. ಮರುವಾರ ಬಂದು, ಒಳಗೆ ಏನೂ ಇಲ್ಲ ಮಾರಾಯ್ರೆ, ಹೊರಗೆ ಇದ್ದದ್ದೇ ಒಳಗೂ, ಎಂದು ಬಹಳ ಆಶ್ಚರ್ಯದಿಂದ ಹೇಳಿದರು. ಆ ನೂಲಿನಲ್ಲಿ ಅವರ ಹೆಂಡತಿ ಹಲೀಮಾ ಮಗುವಿಗೆ ಅರ್ಧ ಟೋಪಿ ಹೆಣೆದರೆಂದೂ, ಇನ್ನರ್ಧಕ್ಕೆ ಇನ್ನೊಂದು ಚೆಂಡು ಬೇಕಾಗಿತ್ತೆಂದೂ ಸೇರಿಸಿದರು. ನಾನು ಕೊಡಲಿಲ್ಲ.

ಪೆಟ್ರೋಲು ಸಿಗದಂತಾಗಿ ಬಸ್ಸಿಗೆ ಇದ್ದಿಲಿನ ಗ್ಯಾಸು ಬಂತು. ಬಸ್ಸಿನ ಹಿಂದೆ ದೊಡ್ಡ ಡ್ರಮ್ಮು, ಅದರಲ್ಲಿ ಇದ್ದಿಲ ಬೆಂಕಿ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಫ್ಯಾನು. ಹೊರಡುವ ಅರ್ಧ ಗಂಟೆ ಮುಂಚೆ ಕಂಡಕ್ಟರ್ ರೇಣುಕಪ್ಪ ಫ್ಯಾನು ತಿರುಗಿಸಲು ಶುರು ಮಾಡುತ್ತಿದ್ದ. ಆಮೇಲೆ ಒಂದು ಸಣ್ಣ ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಹಿಡಿಯುವುದು. ಜ್ವಾಲೆ ನಿಂತು ಉರಿದರೆ ಗ್ಯಾಸ್ ಹಿಡಿಯಿತು ಎಂದು ಅರ್ಥ, ಆರಿದರೆ ಇನ್ನೂ ತಿರುಗಿಸಬೇಕು. ಹೀಗಾಗಿ ಹಾರನ್ ಒಮ್ಮೆ ಐದೂವರೆಗೆ, ಒಮ್ಮೆ ಐದೂಮುಕ್ಕಾಲಿಗೆ ಆಗತೊಡಗಿತು. ಮೈದಾನದಲ್ಲಿ ಅರ್ಧ ಜನ ಚೆಂಡು ನೋಡಿದರೆ ಅರ್ಧ ಜನ ರೇಣುಕಪ್ಪನ ಬೆಂಕಿಕಡ್ಡಿ ನೋಡುತ್ತಿದ್ದರು. ಬಸ್ಸಿನ ಮಾಲೀಕರು ಪರಮಶಿವಯ್ಯನವರಿಗೆ ಇದು ಹಿಡಿಸಲಿಲ್ಲ. ಗ್ಯಾಸ್ ಹಿಡಿದ ಮೇಲೂ ಒಂದು ನಿಮಿಷ ನಿಂತಿದ್ದು ಕಿವಿಗೆ ಬಿದ್ದರೆ ಸೀಟಿನಿಂದ ಇಳಿಸುತ್ತೇನೆ ಎಂದು ಸಾಹೇಬರಿಗೆ ಎಲ್ಲರ ಎದುರಿಗೇ ಹೇಳಿದ್ದರು.

ಆ ಹಾರನ್ನಿನ ಕಾನೂನಿಗೆ ತಕ್ಕಂತೆ ಆಡುವುದನ್ನು ನಾವು ಚೆನ್ನಾಗಿ ಕಲಿತಿದ್ದೆವು. ಅದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎರಡು ಪಾಯಿಂಟು ಮುಂದಾದ ಕೂಡಲೇ ನಮ್ಮವನೊಬ್ಬನ ಕಣ್ಣಿಗೆ ಧೂಳು ಬೀಳುತ್ತಿತ್ತು. ಚೆಂಡು ಹೊರಗೆ ಹೋದರೆ ಎಲ್ಲರಿಗಿಂತ ನಿಧಾನ ನಡೆಯುವವನು ತರಲು ಹೋಗುತ್ತಿದ್ದ. ನಾನಂತೂ ಕಚ್ಚೆಯನ್ನು ಬಿಚ್ಚಿ ಹೊಸದಾಗಿ ಕಟ್ಟುವಷ್ಟು ಮುಂದುವರಿದಿದ್ದೆ. ಆರು ವರ್ಷದಲ್ಲಿ ಕೊಪ್ಪದಿಂದ ಮೂರು ಕಪ್ಪು ತಂದಿದ್ದೆವು.

ನಲವತ್ತನಾಲ್ಕನೆಯ ಇಸವಿಯ ಮಾರ್ಚಿನಲ್ಲಿ ಕೊಪ್ಪದಲ್ಲಿ ಆ ವರ್ಷದ ಕಪ್ಪಿನ ಫೈನಲ್ ಆಯಿತು. ಕೋರ್ಟಿಗೆ ಹೊಸ ಸುಣ್ಣದ ಗೆರೆ ಎಳೆದಿದ್ದರು. ಶಾಲೆಯ ಬೆಂಚುಗಳ ಮೇಲೆ ಊರಿನ ದೊಡ್ಡವರು, ಹಿಂದೆ ಸಂತೆಯಷ್ಟು ಜನ, ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಂಪೈರು. ಒಂದು ಗೇಮು ಅವರದಾಯಿತು, ಒಂದು ನಮ್ಮದಾಯಿತು. ಮೂರನೆಯದರಲ್ಲಿ ನಾವು ಇಪ್ಪತ್ತನಾಲ್ಕು, ಅವರು ಇಪ್ಪತ್ತೊಂದು. ಆಗ ರೇಣುಕಪ್ಪ ಕಡ್ಡಿ ಗೀರಿದ. ಜ್ವಾಲೆ ನೀಲಿಯಾಗಿ ನಿಂತಿತು. ಕೊಪ್ಪದವರ ಮುಖ ಕಪ್ಪಿಟ್ಟಿತು. ನಾನು ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ಕಚ್ಚೆಗೆ ಕೈ ಹಾಕಿದೆ.

ಹಾರನ್ ಆಗಲಿಲ್ಲ.

ತಿರುಗಿ ನೋಡಿದೆ. ಸಾಹೇಬರು ಫುಟ್‌ಬೋರ್ಡಿನಿಂದ ಇಳಿದು ಬರುತ್ತಿದ್ದರು. ಬಂದವರು ಜನರ ನಡುವೆ ಜಾಗ ಮಾಡಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ಬಸ್ಸಿನಲ್ಲಿ ಆಗಲೇ ಕೂತಿದ್ದ ಅಡಿಕೆ ವ್ಯಾಪಾರಿ ವೀರಪ್ಪನವರು ಕಿಟಕಿಯಿಂದ ತಲೆ ಹಾಕಿ, ಗ್ಯಾಸ್ ಹಿಡಿದಿಲ್ಲವೇ ಎಂದು ಗದರಿದರು. ಸಾಹೇಬರು ಕೋರ್ಟಿನಿಂದ ಕಣ್ಣು ಕೀಳದೆ ಹೇಳಿದರು, “ಹಿಡಿದಿದೆ ಸ್ವಾಮಿ. ನೀವೂ ಇಳಿದು ಬನ್ನಿ.”

ಅಂಪೈರ್ ಆಡಿ ಎಂದ. ಆಡಲೇಬೇಕಾಯಿತು. ನಿಜ ಹೇಳುತ್ತೇನೆ, ಆಗ ನಮಗೆ ಕೈಕಾಲು ಆಡಲಿಲ್ಲ. ಮುಂದಿದ್ದಾಗ ಹೊತ್ತು ಕಳೆಯುವುದು ಗೊತ್ತಿತ್ತೇ ಹೊರತು ಮುಂದಿದ್ದೂ ಮುಗಿಸುವುದು ಹೇಗೆಂದು ಗೊತ್ತಿರಲಿಲ್ಲ. ಇಪ್ಪತ್ತೈದಾದೆವು, ಅವರೂ ಇಪ್ಪತ್ತೈದಾದರು. ನಾವು ಇಪ್ಪತ್ತೇಳಕ್ಕೆ ನಿಂತೆವು, ಅವರು ಇಪ್ಪತ್ತೆಂಟಕ್ಕೆ ಬಂದರು. ಆ ನಾಲಿಗೆ ಹೊರಗೆ ಹಾಕುವ ಗುಮಾಸ್ತ ಎತ್ತರಕ್ಕೆ ಹೊಡೆದ ಚೆಂಡು ನನ್ನ ಹಿಂದಕ್ಕೆ ಹೋಯಿತು. ಹೊರಗೆ ಹೋಗುತ್ತದೆ ಎಂದು ನಾನು ಬಿಟ್ಟೆ. ಅದು ಗೆರೆಯ ಮೇಲೆ ಬಿತ್ತು. ಸುಣ್ಣದ ಪುಡಿ ಎದ್ದಿದ್ದನ್ನು ಇಡೀ ಮೈದಾನ ನೋಡಿತು.

ಕೊಪ್ಪದವರು ಗುಮಾಸ್ತನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಸಾಹೇಬರು ಕೋರ್ಟಿನೊಳಗೆ ಬಂದು ಚೆಂಡನ್ನು ಎತ್ತಿ, ಸುಣ್ಣ ಹತ್ತಿದ ಜಾಗವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಆಮೇಲೆ ಹೋಗಿ ಹಾರನ್ ಮಾಡಿದರು. ನಾನು ಮುಂದೆ ಕೂರದೆ ಹಿಂದಿನ ಸೀಟಿಗೆ ಹೋದೆ.

ನಮ್ಮೂರಿನವನೇ ಆಗಿ ನಮ್ಮ ಬಾಯಿಗೆ ಬಂದ ತುತ್ತನ್ನು ಕಿತ್ತುಕೊಂಡ ಎಂಬ ಸಿಟ್ಟು ನನ್ನನ್ನು ಮಲಗಗೊಡಲಿಲ್ಲ. ಬೆಳಿಗ್ಗೆ ಎದ್ದವನೇ ಪರಮಶಿವಯ್ಯನವರ ಮನೆಗೆ ಹೋದೆ. ಗ್ಯಾಸ್ ಹಿಡಿದ ಮೇಲೂ ಡ್ರೈವರು ಕಾಲು ಗಂಟೆ ಬೆಂಚಿನ ಮೇಲೆ ಕೂತಿದ್ದನ್ನು ಬಿಡದೆ ಹೇಳಿದೆ. ವೀರಪ್ಪನವರನ್ನು ಸಾಕ್ಷಿಗೆ ಕೇಳಿ ಎಂದೂ ಹೇಳಿದೆ. ಅವರು ಕೇಳಿಸಿಕೊಂಡು, ಕಾಫಿ ಕುಡಿದು ಹೋಗು ಎಂದರು.

ಎರಡು ವಾರದ ಮೇಲೆ ಜವಳಿ ಮೂಟೆ ಹಾಕಿಸಲು ಬಸ್ಸಿನ ಹತ್ತಿರ ಹೋದರೆ ಸೀಟಿನಲ್ಲಿ ಬೇರೆ ಯಾರೋ ಇದ್ದ. ಸಾಹೇಬರು ಇದ್ದಿಲಿನ ಶೆಡ್ಡಿನಲ್ಲಿದ್ದಾರೆ ಎಂದು ರೇಣುಕಪ್ಪ ನನ್ನ ಮುಖ ನೋಡದೆ ಹೇಳಿದ. ನಾನು ಹೋಗಬಾರದೆಂದುಕೊಂಡೇ ಹೋದೆ.

ಸಾಹೇಬರು ಗೋಣಿಯ ಮೇಲೆ ಕೂತು ಇದ್ದಿಲನ್ನು ಅಡಿಕೆ ಗಾತ್ರಕ್ಕೆ ಒಡೆಯುತ್ತಿದ್ದರು. ಮೈಯೆಲ್ಲ ಕಪ್ಪು, ಕನ್ನಡಕ ಮಾತ್ರ ಒರೆಸಿ ಇಟ್ಟುಕೊಂಡಿದ್ದರು. ನನ್ನನ್ನು ಕಂಡು ಇನ್ನೊಂದು ಗೋಣಿ ಎಳೆದು ಹಾಕಿದರು. ಆ ಚೆಂಡನ್ನು ಬಿಟ್ಟಿದ್ದು ಯಾಕೆ, ಗಾಳಿಯ ಲೆಕ್ಕ ತಪ್ಪಿತೋ, ಬಿಸಿಲು ಕಣ್ಣಿಗೆ ಹೊಡೆಯಿತೋ ಎಂದು ಕೇಳಿದರು. ಎರಡು ವಾರದಿಂದ ಅದನ್ನೇ ಯೋಚಿಸುತ್ತಿದ್ದರಂತೆ. ನನಗೆ ರೇಗಿತು. ನಾಚಿಕೆಗೆ ನನ್ನ ಹತ್ತಿರ ಇರುವುದು ಆ ಒಂದೇ ದಾರಿ.

“ಸಾಬ್ರೆ, ನೀವು ಹಾರನ್ ಮಾಡಿದ್ರೆ ನಾವೇ ಗೆಲ್ತಿದ್ವಲ್ಲ. ಎಂತಕ್ಕೆ ಮಾಡ್ಲಿಲ್ಲ?” ಎಂದೆ.

ಅವರು ಸುತ್ತಿಗೆ ಕೆಳಗಿಟ್ಟರು.

“ಆರು ವರ್ಷ ಆತು ಮಾರಾಯ್ರೆ, ನಿಮ್ಮನ್ನ ಕರ್ಕೊಂಡು ಹೋಗ್ತಾ ಇದೀನಿ. ಸಂಜೆ ನಾನು ದಾರೀಲೇ ಇರೋದು, ಊರಲ್ಲಿ ಆಡಿದ್ದೂ ಕಂಡಿಲ್ಲ. ಕೊಪ್ಪದಲ್ಲಿ ಪ್ರತಿ ಸಲ ನಾನೇ ಹಾರನ್ ಮಾಡಿ ನಿಲ್ಸಿದ್ದು. ನೀವು ಗೆದ್ದಿದ್ದನ್ನ ನಾನು ಒಂದು ಸಲಾನೂ ನೋಡಿಲ್ಲ. ಇವತ್ತಾದ್ರೂ ನೋಡಾಣ ಅಂತ ಕೂತೆ.”

ಮೂರು ಕಪ್ಪು ನಮ್ಮ ಅಂಗಡಿಯ ಗಾಜಿನ ಬೀರುವಿನಲ್ಲಿದ್ದವು. ನಾವು ಗೆದ್ದಿದ್ದನ್ನು ನಾನೂ ನೋಡಿರಲಿಲ್ಲ. ಮಾಲೀಕರಿಗೆ ಹೇಳಿದವನು ನಾನೇ ಎಂದು ಬಾಯಿ ಬಿಟ್ಟು ಹೇಳಿದೆ. ಗೊತ್ತು ಎಂದರು. ರೇಣುಕಪ್ಪ ಅಂದೇ ಹೇಳಿದ್ದನಂತೆ. ನಾನು ಪರಮಶಿವಯ್ಯನವರ ಹತ್ತಿರ ಮತ್ತೆ ಹೋಗಿ ಮಾತಾಡುತ್ತೇನೆ ಎಂದೆ. ಅವರು ಒಂದು ಇದ್ದಿಲ ಚೂರನ್ನು ಎತ್ತಿಕೊಂಡು ಕೈಯಲ್ಲಿ ತಿರುಗಿಸಿದರು. ಆಮೇಲೆ ಕೇಳಿದರು:

“ನಮ್ಮೂರಲ್ಲಿ ಮುಂದಿನ ಆಟ ಯಾವತ್ತು? ಈಗ ಸಂಜೆ ನಾನು ಊರಲ್ಲೇ ಇರ್ತೀನಲ್ಲ.”